ಇಬ್ಬರಿಗೆ ಒಂದೇ ಹೊದಿಕೆ

ಫೇರ್‌ಫ್ಯಾಕ್ಸ್‌ನಿಂದ ಐ-66 ಹಿಡಿದು ಪಶ್ಚಿಮಕ್ಕೆ ಹೊರಟರೆ ಗಂಟೆ, ಒಂದೂಕಾಲು ಗಂಟೆಯಲ್ಲಿ ಶೆನಂಡೋವಾ ಬೆಟ್ಟಗಳು. ಇಷ್ಟು ಹತ್ತಿರ ಇದ್ದರೂ ಎರಡು ವರ್ಷ ನಾವು ಅಲ್ಲಿ ರಾತ್ರಿ ತಂಗಲು ಹೋಗಲಿಲ್ಲ. ಕಾರಣ ತೂಕ. ಮೊದಲ ಸಲ ಆಸೆಗೆ ಬಿದ್ದು ಕಂಡದ್ದೆಲ್ಲ ಕೊಂಡು, ತಲಾ ಹದಿನೈದು ಕಿಲೋ ಹೊತ್ತು ನಡೆದಿದ್ದೆವು. ಎರಡನೇ ದಿನಕ್ಕೆ ನನ್ನ ಹೆಂಡತಿಯ ಮೊಣಕಾಲು ಊದಿಕೊಂಡಿತು. ಹುಬ್ಬಳ್ಳಿಯವಳು, ನೇರ ಮಾತು: "ಇನ್ಮ್ಯಾಲೆ ನೀವೊಬ್ರ ಹೋಗ್ರಿ." ಒಬ್ಬನೇ ಹೋಗೋದಾದರೆ ಆ ಬೆಟ್ಟ ನನಗೆ ಬೇಕಿರಲಿಲ್ಲ. ಹಾಗಾಗಿ ಈ ಸಾಮಾನನ್ನು ಹಗುರ ಮಾಡಿದವರು ಯಾರು ಅಂತ ಹುಡುಕುತ್ತಾ ಹೋದೆ. ಸಿಕ್ಕವರಲ್ಲಿ ಹೆಚ್ಚಿನವರು ಗಂಡ-ಹೆಂಡಿರು.

ಕೊಳ್ಳುವ ಕಥೆಯೇ ಒಂದು ಜೋಡಿಯಿಂದ ಶುರುವಾಗುತ್ತದೆ. 1930ರ ದಶಕದಲ್ಲಿ ಸಿಯಾಟಲ್‌ನ ಲಾಯ್ಡ್ ಮತ್ತು ಮೇರಿ ಆಂಡರ್ಸನ್‌ಗೆ ಹಿಮದ ಬೆಟ್ಟ ಹತ್ತಲು ಒಳ್ಳೆಯ ಐಸ್ ಆಕ್ಸ್ ಬೇಕಿತ್ತು. ಊರಿನಲ್ಲಿ ದುಬಾರಿ. ಮೇರಿಗೆ ಜರ್ಮನ್ ಬರುತ್ತಿತ್ತು. ಆಸ್ಟ್ರಿಯಾದಿಂದ ನೇರವಾಗಿ ತರಿಸಿದರು. ಅಂಚೆ ಖರ್ಚೂ ಸೇರಿ ಮೂರೂವರೆ ಡಾಲರ್! ಗೆಳೆಯರು "ನಮಗೂ ತರಿಸಿ" ಅಂತ ಬೆನ್ನುಬಿದ್ದರು. 1938ರಲ್ಲಿ ಅದು ಒಂದು ಡಾಲರ್ ಸದಸ್ಯತ್ವದ ಸಹಕಾರ ಸಂಘವಾಯಿತು, ಇವತ್ತಿನ ಆರ್‌ಇಐ. 1905ರಲ್ಲೇ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡಿನವರಿಗೆ ಈ ಯೋಚನೆ ಹೊಸದೇನಲ್ಲ ಬಿಡಿ.

ಮಾಡಿಕೊಳ್ಳುವ ಕಥೆಯಲ್ಲಿ ನನಗೆ ಮೊದಲು ಸಿಕ್ಕಿದ್ದು ಮಾತ್ರ ಜೋಡಿಯಲ್ಲ. ಎಮ್ಮಾ ಗೇಟ್‌ವುಡ್ ಓಹಾಯೋದ ಹಳ್ಳಿಯವರು, ಹನ್ನೊಂದು ಮಕ್ಕಳ ತಾಯಿ. ವರ್ಷಗಟ್ಟಲೆ ಹೊಡೆದ ಗಂಡನಿಂದ ಬಿಡುಗಡೆ ಪಡೆದಿದ್ದರು. 1955ರಲ್ಲಿ, 67ನೇ ವಯಸ್ಸಿಗೆ, ಮಕ್ಕಳಿಗೆ ವಿವರವೇನೂ ಹೇಳದೆ ಸುಮ್ಮನೆ ನಡೆದು ಬರ್ತೀನಿ ಅಂದು ಹೊರಟರು. ಜಾರ್ಜಿಯಾದಿಂದ ಮೇನ್‌ವರೆಗೆ ಸುಮಾರು 3300 ಕಿಲೋಮೀಟರ್ ಉದ್ದದ ಅಪಲೇಚಿಯನ್ ಟ್ರೈಲ್ ಅನ್ನು ಮೇ ತಿಂಗಳಿಂದ ಸೆಪ್ಟೆಂಬರ್‌ ಒಳಗೆ ಮುಗಿಸಿದರು. ಒಂದೇ ಸೀಸನ್ನಿನಲ್ಲಿ ಒಂಟಿಯಾಗಿ ಅದನ್ನು ನಡೆದ ಮೊದಲ ಹೆಂಗಸು. ನಮ್ಮ ಶೆನಂಡೋವಾದ ಏಣಿನ ಮೇಲೂ ಅದೇ ದಾರಿ ಹಾಯುತ್ತದೆ. ಹೆಗಲಿಗೆ ತಾವೇ ಹೊಲಿದ ಡೆನಿಮ್ ಚೀಲ, ಕಾಲಿಗೆ ಕ್ಯಾನ್ವಾಸ್ ಶೂ, ಚಳಿಗೆ ಒಂದು ಕಂಬಳಿ, ಮಳೆಗೆ ಸ್ನಾನದಮನೆಯ ಪ್ಲಾಸ್ಟಿಕ್ ಪರದೆ. ಡೇರೆ ಇಲ್ಲ, ಸ್ಲೀಪಿಂಗ್ ಬ್ಯಾಗ್ ಇಲ್ಲ. ಮಲೆನಾಡಿನ ಗದ್ದೆಯಲ್ಲಿ ಕಂಬಳಿಕೊಪ್ಪೆ ಹೊದ್ದು ನಾಟಿ ಮಾಡಿದವರನ್ನು ಕಂಡವರಿಗೆ ಇದು ಹುಚ್ಚಾಟ ಅನ್ನಿಸಲಾರದು. ಮನೆಯಲ್ಲಿದ್ದದ್ದೇ ಮಳೆಗೆ ಆಗುತ್ತಿತ್ತು.

ಆಮೇಲೆ ನೈಲಾನ್ ಬಂತು, ಅಂಗಡಿಗಳು ಬೆಳೆದವು, ಚೀಲಗಳೂ ಊದಿದವು. 1966ರಲ್ಲಿ ಕೊಲರಾಡೋದ ಬೋಲ್ಡರ್‌ನಲ್ಲಿ ಡೇಲ್ ಜಾನ್ಸನ್ ಎಂಬವರು ಫ್ರಾಸ್ಟ್‌ಲೈನ್ ಕಂಪನಿ ಶುರುಮಾಡಿದರು. ಕತ್ತರಿಸಿದ ಬಟ್ಟೆ, ಅಳೆದು ಕಟ್ಟಿದ ಹಕ್ಕಿಪುಕ್ಕದ ಪೊಟ್ಟಣ ಎಲ್ಲಾ ಅವರೇ ಕಳಿಸೋರು. ಹೊಲಿಗೆ ಮಾತ್ರ ನಮ್ಮದು. ಆದರೆ ಅಲ್ಲಿ ಉಳಿತಾಯ ದುಡ್ಡಿನದು, ತೂಕದ್ದಲ್ಲ.

ತೂಕಕ್ಕೆ ಕೈಹಾಕಿದವರು ರೇ ಮತ್ತು ಜೆನ್ನಿ ಜಾರ್ಡಿನ್. ರೇ ಮೂಲತಃ ಏರೋಸ್ಪೇಸ್ ಇಂಜಿನಿಯರ್. ಪೆಸಿಫಿಕ್ ಕ್ರೆಸ್ಟ್ ಟ್ರೈಲನ್ನು ಇಬ್ಬರೂ 1987, 1991, 1994ರಲ್ಲಿ ಮೂರು ಸಲ ನಡೆದರು; ಸಲದಿಂದ ಸಲಕ್ಕೆ ಚೀಲ ಇಳಿಯುತ್ತಾ ಬಂತು. ಕೊನೆಯ ಸಲ ಊಟ-ನೀರು ಬಿಟ್ಟರೆ ರೇ ಹೊತ್ತದ್ದು ಸುಮಾರು ನಾಲ್ಕು ಕಿಲೋ. ಚೀಲ, ಟಾರ್ಪಾಲು, ಹೊದಿಕೆ ಎಲ್ಲ ಮನೆಯಲ್ಲೇ ಹೊಲಿದದ್ದು. ಹೊದಿಕೆಯ ಲೆಕ್ಕ ಸರಳ. ಸ್ಲೀಪಿಂಗ್ ಬ್ಯಾಗಿನ ತಳಭಾಗ ನಮ್ಮ ಮೈಭಾರಕ್ಕೆ ಅಮುಕಿಕೊಳ್ಳುತ್ತದೆ. ಒಳಗೆ ಗಾಳಿ ಉಳಿಯದಿದ್ದರೆ ಬಿಸಿ ಉಳಿಯುವುದಿಲ್ಲ. ಹಾಗಿದ್ದ ಮೇಲೆ ಆ ಭಾಗ ಹೊರೋದ್ಯಾಕೆ? ತಳಕ್ಕೆ ಚಾಪೆ ಸಾಕು, ಮೇಲೆ ಇಬ್ಬರಿಗೂ ಸೇರಿ ಒಂದೇ ಹೊದಿಕೆ. 1998ರಲ್ಲಿ ಶುರುವಾದ ಗೋಲೈಟ್ ಕಂಪನಿ ಇವರ ವಿನ್ಯಾಸಗಳನ್ನು ಅಂಗಡಿಗೆ ತಂದಿತು. ಅದನ್ನು ಕಟ್ಟಿದವರೂ ಗಂಡ-ಹೆಂಡತಿಯೇ.

ಇದನ್ನೆಲ್ಲ ಓದಿ ಹೇಳಿದಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಇದು ಕೌದಿನ ಅಲ್ಲೇನ್ರೀ?" ಹೌದು, ಕೌದಿಯೇ. ಹಳೇ ಸೀರೆ ಪದರಗಳ ಬದಲು ತೆಳು ನೈಲಾನಿನ ನಡುವೆ ಪಾಲಿಯೆಸ್ಟರ್ ಹಾಳೆ, ಅಷ್ಟೇ. ಬೇಸ್‌ಮೆಂಟಿನ ಹೊಲಿಗೆ ಮಷೀನು ಎಳೆದುಕೊಂಡು ಕೂತೆವು. ನೈಲಾನ್ ಜಾರುತ್ತದೆ, ಗುಂಡುಪಿನ್ನು ಚುಚ್ಚಿದರೆ ತೂತು ಉಳಿಯುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪೇ ಗತಿ. ಮೂರು ಶನಿವಾರ ಹಿಡಿಯಿತು. ಎರಡು ಬ್ಯಾಗುಗಳ ಜಾಗಕ್ಕೆ ಒಂದು ಹೊದಿಕೆ ಬಂದು ಎರಡು ಕಿಲೋ ಇಳಿಯಿತು. ಚೀಲದಿಂದ ಇನ್ನೂ ಏನೇನೋ ತೆಗೆದಳು, ನನ್ನ ಮಡಚು ಕುರ್ಚಿ ಸಮೇತ.

ಕಳೆದ ಅಕ್ಟೋಬರ್‌ನಲ್ಲಿ ಅದನ್ನು ಹೊದ್ದು ಬೆಟ್ಟದ ಮೇಲೆ ಒಂದು ರಾತ್ರಿ ಮಲಗಿದೆವು. ಮೊಣಕಾಲು ತಡೆಯಿತು. ಅಗಲ ನಾಲ್ಕು ಇಂಚು ಕಡಿಮೆ ಬಿದ್ದಿದೆ. ಬೆಳಗಿನ ಜಾವಕ್ಕೆ ಹೊದಿಕೆ ಪೂರ್ತಿ ಅವಳ ಕಡೆಗೆ ಸರಿದಿತ್ತು. ಏಪ್ರಿಲ್‌ನೊಳಗೆ ನನ್ನ ಅಂಚಿಗೆ ಒಂದು ಪಟ್ಟಿ ಜೋಡಿಸಬೇಕು.