ಬಡವರ ವಂಶಾವಳಿ: ಇಂಗ್ಲೆಂಡಿನ ಮೂರು ಬಗೆಯ ದಫ್ತರಗಳು

ಸುಗ್ಗಿ ಮುಗಿದ ಮೇಲೆ ಹೆಳವರು ಎತ್ತಿನ ಮೇಲೆ ಬಂದು ಮನೆಯ ಮುಂದೆ ನಿಂತು, ಒಕ್ಕಲಿನ ಹಿಂದಿನ ತಲೆಮಾರುಗಳ ಹೆಸರು ಹೇಳಿ ಕಾಳುಕಡಿ ಪಡೆದು ಹೋಗುತ್ತಿದ್ದುದನ್ನು ನಮ್ಮ ಸೀಮೆಯ ಹಿರಿಯರೆಲ್ಲ ಬಲ್ಲರು. ಅರಸುಮನೆತನಗಳಿಗೆ ಶಾಸನವಿದ್ದರೆ ಒಕ್ಕಲುಮನೆಗಳಿಗೆ ಹೆಳವರಿದ್ದರು. ಹೆಳವರಿಲ್ಲದ ನಾಡಿನಲ್ಲಿ ಬಡವನು ತನ್ನ ಮುತ್ತಜ್ಜನನ್ನು ಎಲ್ಲಿ ಹುಡುಕಬೇಕು? ಇಂಗ್ಲೆಂಡಿನ ಸಾಮಾನ್ಯ ಜನರು ಈ ಪ್ರಶ್ನೆಗೆ ಕಂಡುಕೊಂಡಿರುವ ಉತ್ತರವು ಅಧ್ಯಾಪಕರಾದ ನಮಗೆ ವಿಚಾರಾರ್ಹವಾದುದು. ಅವರು ಹುಡುಕುವುದು ಮುಖ್ಯವಾಗಿ ಮೂರು ಕಡೆ: ಚರ್ಚಿನ ಪುಸ್ತಕ, ಸೈನ್ಯದ ಪಟ್ಟಿ, ಬಡವರನ್ನಿರಿಸುತ್ತಿದ್ದ ವರ್ಕ್‌ಹೌಸಿನ ದಾಖಲೆ. ಇವುಗಳಲ್ಲಿ ಒಂದನ್ನೂ ಮೊಮ್ಮಕ್ಕಳು ಓದಲೆಂದು ಯಾರೂ ಬರೆದಿಡಲಿಲ್ಲ. ಒಂದು ಸರ್ಕಾರದ ಆಜ್ಞೆಗಾಗಿ, ಒಂದು ಸಂಬಳದ ಬಟವಾಡೆಗಾಗಿ, ಮತ್ತೊಂದು ಖರ್ಚಿನ ಲೆಕ್ಕಕ್ಕಾಗಿ ಹುಟ್ಟಿತು. ಆದರೂ ಹೆಸರಿಲ್ಲದ ಕೋಟ್ಯಂತರ ಜನರ ಹೆಸರು ಉಳಿದಿರುವುದು ಇವುಗಳಲ್ಲಿಯೇ.

ಮೊದಲನೆಯದು ಚರ್ಚಿನ ಪುಸ್ತಕ. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿಯಾದ ಥಾಮಸ್ ಕ್ರಾಮ್‌ವೆಲ್ಲನು ಪ್ರತಿಯೊಂದು ಪ್ಯಾರಿಷಿನಲ್ಲಿಯೂ, ಎಂದರೆ ಒಂದು ಚರ್ಚಿನ ಎಲ್ಲೆಗೆ ಸೇರಿದ ಪ್ರದೇಶದಲ್ಲಿಯೂ, ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪಾದ್ರಿಯು ವಾರವಾರವೂ ಬರೆದಿಡಬೇಕೆಂದು ಆಜ್ಞೆ ಮಾಡಿದನು. ಪುಸ್ತಕವು ಎರಡು ಬೀಗದ ಪೆಟ್ಟಿಗೆಯಲ್ಲಿರಬೇಕಾಗಿತ್ತು. ಇದು ಹೊಸ ತೆರಿಗೆಯ ಹೂಟವೆಂದು ಜನರು ಅಂಜಿದರು. ಆ ಅಂಜಿಕೆಯು ಬಹುಕಾಲದ ಮೇಲೆ, 1783ರಲ್ಲಿ, ನಿಜವೂ ಆಯಿತು: ಒಂದೊಂದು ದಾಖಲೆಗೂ ಮೂರು ಪೆನ್ನಿಯ ಸುಂಕ ಬಿದ್ದಿತು. ದಿಕ್ಕಿಲ್ಲದ ಬಡವರಿಗೆ ಮಾತ್ರ ವಿನಾಯಿತಿ. ಅಂಥವರ ಹೆಸರಿನ ಬದಿಗೆ ‘ಪಿ’ ಎಂಬ ಗುರುತು. ಈ ಸುಂಕವು 1794ರವರೆಗೆ ನಡೆಯಿತು. ಅದನ್ನು ತಪ್ಪಿಸಿಕೊಳ್ಳಲು ಬಡವರೆನಿಸಿಕೊಂಡವರೂ ಉಂಟು. ಆದುದರಿಂದ ಆ ಗುರುತನ್ನು ಕಂಡೊಡನೆ ‘ನಮ್ಮ ಪೂರ್ವಿಕನು ಭಿಕ್ಷುಕನಾಗಿದ್ದನು’ ಎಂದು ತೀರ್ಮಾನಿಸಲಾಗದು. ಬರೆದವನಾರು, ಏಕೆ ಬರೆದನು ಎಂಬುದನ್ನು ಮೊದಲು ಕೇಳಬೇಕು.

ತಾರೀಖಿನ ವಿಷಯದಲ್ಲಿಯೂ ಎಚ್ಚರ ಬೇಕು. 1752ಕ್ಕೆ ಮುಂಚೆ ಅಲ್ಲಿ ಹೊಸ ವರ್ಷವು ಮಾರ್ಚ್ 25ಕ್ಕೆ ಆರಂಭವಾಗುತ್ತಿತ್ತು. 1740ರ ಡಿಸೆಂಬರಿನಲ್ಲಿ ಮದುವೆಯಾದವರ ಮಗುವಿಗೆ ‘1740ರ ಫೆಬ್ರವರಿ’ಯಲ್ಲಿ ದೀಕ್ಷಾಸ್ನಾನವಾಯಿತೆಂದರೆ, ಅದು ಮದುವೆಗೆ ಮೊದಲಿನ ಮಾತಲ್ಲ, ನಮ್ಮ ಎಣಿಕೆಯ 1741ರ ಫೆಬ್ರವರಿ. ಮೇಲಾಗಿ, ದೀಕ್ಷಾಸ್ನಾನದ ದಿನವೇ ಹುಟ್ಟಿದ ದಿನವಲ್ಲ. ಇಂಗ್ಲೆಂಡಿನಲ್ಲಿ ಸರ್ಕಾರವೇ ಜನನ ಮರಣಗಳನ್ನು ದಾಖಲು ಮಾಡತೊಡಗಿದುದು 1837ರ ಜುಲೈ 1ರಿಂದ.

ಎರಡನೆಯದು ಸೈನ್ಯದ ಕಾಗದ. ಊರು ಬಿಟ್ಟು ಓಡಿದ ಮಗನು ಚರ್ಚಿನ ಪುಸ್ತಕದಿಂದ ಮರೆಯಾದರೂ ಪಲ್ಟಣದ ಹಾಜರಿ ಪಟ್ಟಿಯಲ್ಲಿ ಸಿಗುವುದುಂಟು. ಪಟ್ಟಿಯು ಸಂಬಳಕ್ಕಾಗಿ ಇದ್ದುದರಿಂದ ಯಾವ ತಿಂಗಳು ಎಲ್ಲಿದ್ದನು, ಯಾವಾಗ ಆಸ್ಪತ್ರೆ ಸೇರಿದನು ಎಂಬುದೂ ತಿಳಿಯುತ್ತದೆ. ಸೇವೆ ಮುಗಿಸಿ ಚೆಲ್ಸಿಯ ರಾಯಲ್ ಹಾಸ್ಪಿಟಲಿನ ಪಿಂಚಣಿ ಪಡೆದವನಾದರೆ ಅವನ ಹುಟ್ಟೂರು, ಕಸುಬು, ಎತ್ತರ, ಮೈಬಣ್ಣ, ಕಣ್ಣಿನ ಬಣ್ಣವೂ ದೊರೆಯುವುದು. ಭಾವಚಿತ್ರವಿಲ್ಲದ ಕಾಲದ ಕೂಲಿಯವನ ಮುಖವು ಹೀಗೆ ಕಾಗದದಲ್ಲಿ ನಮಗೆ ಕಾಣುತ್ತದೆ. ಆದರೆ ಸೇವೆಯಲ್ಲಿಯೇ ಸತ್ತವನಿಗೆ ಪಿಂಚಣಿಯಿಲ್ಲ. ಆದುದರಿಂದ ಆ ವರ್ಣನೆಯೂ ಸಾಮಾನ್ಯವಾಗಿ ಸಿಗದು.

ಈ ಎಳೆಯು ನಮ್ಮ ಸೀಮೆಗೂ ಬಂದು ಮುಟ್ಟುತ್ತದೆ. ಬಳ್ಳಾರಿಯು ಮದರಾಸು ಸೈನ್ಯದ ದೊಡ್ಡ ದಂಡಿನ ಠಾಣ್ಯವಾಗಿತ್ತು. ಮದರಾಸು ಪ್ರಾಂತದ ಚರ್ಚುಗಳ ದಾಖಲೆಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದುವು. 1698ರಿಂದ ಮುಂದಿನವು ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಗವರ್ನರ್ ಸರ್ ಥಾಮಸ್ ಮನ್ರೋ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ತೀರಿಕೊಂಡರು. ಗುತ್ತಿಯಲ್ಲಿ ಹೂಳಿದ ಅವರ ಅವಶೇಷವನ್ನು 1831ರಲ್ಲಿ ಮದರಾಸಿಗೆ ಒಯ್ದರು; ಅಲ್ಲಿ ಅವರ ಪ್ರತಿಮೆಯೂ ನಿಂತಿದೆ. ಅದೇ ಬೇನೆಯಿಂದ ಈ ಸೀಮೆಯಲ್ಲಿ ಮಡಿದ ಸಾಮಾನ್ಯ ಸಿಪಾಯಿಗೆ ಪ್ರತಿಮೆಯಿಲ್ಲ. ಪಾದ್ರಿ ಬರೆದ ಒಂದು ಸಾಲೇ ಅವನ ಸ್ಮಾರಕ.

ಮೂರನೆಯದು ವರ್ಕ್‌ಹೌಸು. 1834ರ ಬಡವರ ಕಾನೂನಿನಂತೆ ಹಲವು ಪ್ಯಾರಿಷುಗಳು ಕೂಡಿ ಇಂಥ ದುಡಿಮೆಮನೆಗಳನ್ನು ಕಟ್ಟಿದುವು. ಬೇರೆ ದಾರಿಯಿರುವವರಾರೂ ಒಳಗೆ ಬರಬಾರದೆಂಬುದೇ ಅದರ ನೀತಿ. ಬಾಗಿಲಲ್ಲಿ ಹೆಸರು, ವಯಸ್ಸು, ಕಸುಬು, ಮತ, ಬಂದ ಕಾರಣಗಳನ್ನು ಬರೆದುಕೊಂಡು, ಗಂಡನನ್ನೂ ಹೆಂಡತಿಯನ್ನೂ ಮಕ್ಕಳನ್ನೂ ಬೇರೆ ಬೇರೆ ಕಡೆ ಇರಿಸುತ್ತಿದ್ದರು. ಅಲ್ಲಿ ಹುಟ್ಟಿದ ಮಗುವಿಗೆ ಆ ಹೆಸರೇ ಜೀವಮಾನದ ಕಳಂಕವಾಗುತ್ತಿತ್ತು. ಆದುದರಿಂದ 1904ರಿಂದ ಜನನಪತ್ರದಲ್ಲಿ ವರ್ಕ್‌ಹೌಸ್ ಎಂದು ಬರೆಯದೆ ಬೀದಿಯ ವಿಳಾಸವನ್ನಷ್ಟೇ ಬರೆಯುವಂತಾಯಿತು. ಇಂದು ಹುಡುಕುವವನು ಆ ಬೀದಿಯಲ್ಲಿ ಏನಿತ್ತೆಂಬುದನ್ನು ತಿಳಿದಿರಬೇಕು. ಕರುಣೆಯಿಂದ ಮುಚ್ಚಿಟ್ಟುದು ಸಂಶೋಧಕನಿಗೆ ಒಗಟಾಗುತ್ತದೆ.

ಈ ದಾಖಲೆಯ ಬೆಲೆಗೆ ಚಾರ್ಲಿ ಚಾಪ್ಲಿನ್ನನ ಬಾಲ್ಯವೇ ಸಾಕ್ಷಿ. ಅವನು ಹುಟ್ಟಿದುದು 1889ರ ಏಪ್ರಿಲ್ 16ರಂದು ಎಂದು ನಂಬಿಕೆ. ಆದರೆ ಜನನಪತ್ರವು ಇದುವರೆಗೂ ದೊರೆತಿಲ್ಲ. 1896ರಲ್ಲಿ, ಏಳು ವರ್ಷದ ಬಾಲಕನಾಗಿ, ತಾಯಿ ಮತ್ತು ಅಣ್ಣ ಸಿಡ್ನಿಯೊಡನೆ ಲಂಡನ್ನಿನ ವರ್ಕ್‌ಹೌಸನ್ನು ಸೇರಿದುದೂ, ಅಲ್ಲಿಂದ ಹ್ಯಾನ್‌ವೆಲ್ಲಿನ ಬಡಮಕ್ಕಳ ಶಾಲೆಗೆ ಹೋದುದೂ ದಾಖಲೆಗಳಲ್ಲಿವೆ. ಜಗತ್ತನ್ನೇ ನಗಿಸಿದವನ ಹುಟ್ಟಿಗೆ ಕಾಗದವಿಲ್ಲ; ಅವನ ಹಸಿವಿಗೆ ಇದೆ.

ಇಂಥ ಕಾಗದಗಳು ಶಾಶ್ವತವೆಂದು ತಿಳಿಯುವುದೂ ತಪ್ಪು. 1922ರ ಜೂನಿನಲ್ಲಿ ಡಬ್ಲಿನ್ನಿನ ದಫ್ತರಖಾನೆಯು ಅಂತರ್ಯುದ್ಧದ ಬೆಂಕಿಗೆ ಆಹುತಿಯಾದಾಗ ಅಯರ್ಲೆಂಡಿನ ಹಳೆಯ ಜನಗಣತಿಗಳೂ ಅಲ್ಲಿಗೆ ತರಿಸಿಟ್ಟಿದ್ದ ನೂರಾರು ಪ್ಯಾರಿಷುಗಳ ಪುಸ್ತಕಗಳೂ ಉರಿದುಹೋದುವು. ಊರಿನಲ್ಲಿಯೇ ಇದ್ದ ಪುಸ್ತಕಗಳು ಉಳಿದುವು. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮೇಲೆ ಬಿದ್ದ ಬಾಂಬಿನಿಂದ ಮೊದಲ ಮಹಾಯುದ್ಧದ ಸೈನಿಕರ ಸೇವಾಪತ್ರಗಳಲ್ಲಿ ಸುಮಾರು 60 ಪಾಲು ನೂರಕ್ಕೆ ನಾಶವಾದುವು. ಒಂದೇ ಪ್ರತಿಯನ್ನು ಒಂದೇ ಕಡೆ ಇಡಬಾರದೆಂಬುದೇ ಇದರ ಪಾಠ.

ಈ ಪಾಠವು ನಮ್ಮ ಶಾಲೆಯ ಬೀರುವಿಗೂ ಅನ್ವಯಿಸುತ್ತದೆ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದುವು. ಅದಕ್ಕೂ ಹಿಂದೆ ಇಲ್ಲಿ ಕನ್ನಡ ಕಲಿತ ಮಕ್ಕಳ ಹೆಸರು, ತಂದೆಯ ಹೆಸರು, ಕಸುಬು ಇರುವುದು ಹಳೆಯ ದಾಖಲಾತಿ ಪುಸ್ತಕಗಳಲ್ಲಿ. ಅವುಗಳಲ್ಲಿಯೂ ನಿಜದ ಜೊತೆಗೆ ಅಂದಾಜು ಬೆರೆತಿದೆ: ಹುಟ್ಟಿದ ದಿನ ತಿಳಿಯದ ಮಗುವಿಗೆ ಶಾಲೆ ತೆರೆಯುವ ಜೂನ್ 1ನ್ನೇ ಜನ್ಮದಿನವಾಗಿ ಕೊಟ್ಟವರು ನಾವು, ಅಧ್ಯಾಪಕರೇ! ಕೆಲವು ವರ್ಷಗಳ ಹಿಂದೆ ವೃದ್ಧರೊಬ್ಬರು ತಮ್ಮ ತಂದೆಯ ಹೆಸರನ್ನು ನೋಡಬೇಕೆಂದು ನಮ್ಮಲ್ಲಿಗೆ ಬಂದರು. ಪುಸ್ತಕ ಸಿಕ್ಕಿತು, ಆ ವರ್ಷದ ಹಾಳೆಗಳನ್ನು ಗೆದ್ದಲು ತಿಂದಿತ್ತು. ‘ಇರಲಿ ಬಿಡ್ರಿ ಸಾರ್, ಇಲ್ಲೇ ಓದಿದ್ದು ಖರೆ’ ಎಂದು ನಮ್ಮನ್ನೇ ಸಮಾಧಾನಪಡಿಸಿ ಹೋದರು. ಅಂದು ನಮಗಾದ ನಾಚಿಕೆಯು ಈ ಲೇಖನಕ್ಕೆ ಕಾರಣ.

ಅಂದಿನಿಂದ ಉಳಿದ ಪುಸ್ತಕಗಳನ್ನು ಬಿಸಿಲಿಗೆ ಹಾಕಿ, ಬೇವಿನೆಲೆಯಿಟ್ಟು, ಹಾಳೆಹಾಳೆಯ ಚಿತ್ರ ತೆಗೆಸಿ, ಪ್ರತಿಯೊಂದನ್ನು ಬೇರೆ ಕಡೆ ಇರಿಸಿದ್ದೇವೆ. ಇದು ದೊಡ್ಡ ಕೆಲಸವೇನಲ್ಲ. ಎರಡು ಬೇಸಗೆಯ ರಜೆಗಳ ಕೆಲಸ. ಗಡಿನಾಡಿನ ಪ್ರತಿಯೊಂದು ಶಾಲೆಯ ಅಧ್ಯಾಪಕ ಬಂಧುಗಳೂ ಇಷ್ಟನ್ನು ಮಾಡಿದರೆ, ಹೆಳವರು ಬಾರದ ಮನೆಯ ಮೊಮ್ಮಕ್ಕಳಿಗೂ ಒಂದು ವಂಶಾವಳಿ ಉಳಿದೀತು.