‘ಹೈ’ ಎಂಬ ಪದದ ಹಿಂದೆ: ವಿಕ್ರೋಳಿಯ ಕಲ್ಲಿನಿಂದ ಮುಂಬಯಿ ಹೈವರೆಗೆ

ಮುಂಬಯಿಯಿಂದ ಪಶ್ಚಿಮ-ವಾಯವ್ಯಕ್ಕೆ ಸುಮಾರು 160 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ಇರುವ ತೈಲಕ್ಷೇತ್ರಕ್ಕೆ ಮೊದಲು ‘ಬಾಂಬೆ ಹೈ’ ಎಂದೂ ನಗರದ ಹೆಸರು ಬದಲಾದ ಮೇಲೆ ‘ಮುಂಬಯಿ ಹೈ’ ಎಂದೂ ಹೆಸರು ನಡೆದುಬಂದಿದೆ. ಪತ್ರಿಕೆಗಳಲ್ಲಿ ಅರ್ಧ ಶತಮಾನದಿಂದ ಓದುತ್ತ ಬಂದಿರುವ ಈ ಹೆಸರಿನ ಉತ್ತರಾರ್ಧದ ಬಗೆಗೆ ನಾವು ವಿಚಾರ ಮಾಡಿದ್ದು ಕಡಿಮೆ. ‘ಹೈ’ ಎಂದರೆ ಎತ್ತರ. ಆದರೆ ಆ ಸ್ಥಳದಲ್ಲಿ ಎತ್ತರವಾದುದೇನೂ ಕಣ್ಣಿಗೆ ಬೀಳುವುದಿಲ್ಲ. ಸುಮಾರು 75 ಮೀಟರು ಆಳದ ನೀರು, ಅದರಡಿಯಲ್ಲಿ ಹೆಚ್ಚುಕಡಿಮೆ ಸಮತಟ್ಟಾದ ಕಡಲತಳ, ಇಷ್ಟೇ. ಎತ್ತರವಿರುವುದು ಅದಕ್ಕೂ ಕೆಳಗೆ, ಶಿಲಾಸ್ತರಗಳ ಒಳಗೆ. ಸುಮಾರು 75 ಕಿಲೋಮೀಟರು ಉದ್ದ, 25 ಕಿಲೋಮೀಟರು ಅಗಲದ ಒಂದು ದಿಬ್ಬ ಅಲ್ಲಿ ಹೂತುಹೋಗಿದೆ. ಭೂವಿಜ್ಞಾನಿಗಳ ಪರಿಭಾಷೆಯಲ್ಲಿ ಇಂಥ ಹೂತ ದಿಬ್ಬಕ್ಕೆ ‘ಹೈ’ ಎನ್ನುತ್ತಾರೆ. ಹಾಗಾಗಿ ಈ ಹೆಸರು ಒಂದು ಚಾರಿತ್ರಿಕ ಸಂಗತಿಯನ್ನು ತನ್ನೊಳಗೆ ಉಳಿಸಿಕೊಂಡಿದೆ: ಆ ಕ್ಷೇತ್ರ ಎಣ್ಣೆಯಾಗಿ ದೊರೆಯುವುದಕ್ಕೆ ಸುಮಾರು ಒಂಬತ್ತು ವರ್ಷ ಮೊದಲೇ ಆಕಾರವಾಗಿ ತಿಳಿದಿತ್ತು. ಆ ಆಕಾರವನ್ನು ಓದಿದ ಶಾಸ್ತ್ರ ಸಂರಚನಾ ಭೂವಿಜ್ಞಾನ. ಶಿಲೆಗಳು ಯಾವ ಒತ್ತಡಕ್ಕೆ ಬಾಗಿದವು, ಮಡಿಸಿಕೊಂಡವು, ಬಿರಿದು ಜಾರಿದವು ಎಂಬುದನ್ನು ವಿಚಾರಿಸುವುದು ಅದರ ಕೆಲಸ.

ನೆಲದಡಿಯ ಸಂಪತ್ತನ್ನು ನೆಲದ ಮೇಲಿನಿಂದ ಊಹಿಸುವ ಪ್ರಯತ್ನ ಕನ್ನಡಕ್ಕೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ಕಾಲದಲ್ಲಿ, ಕ್ರಿ.ಶ. 1025ರ ಸುಮಾರಿಗೆ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಂತರ್ಜಲವನ್ನು ಕಂಡುಹಿಡಿಯುವ ಲಕ್ಷಣಗಳಿಗಾಗಿಯೇ ಒಂದು ಭಾಗವಿದೆ. ವರಾಹಮಿಹಿರನ ಬೃಹತ್ಸಂಹಿತೆಯ ‘ಉದಕಾರ್ಗಳ’ ಪ್ರಕರಣದ ಪರಂಪರೆಗೆ ಸೇರಿದ ವಿಚಾರಗಳು ಅಲ್ಲಿವೆ. ಯಾವ ಮರದ ಬಳಿ ಹುತ್ತವಿದ್ದರೆ ಎಷ್ಟು ಆಳದಲ್ಲಿ ನೀರು ಎಂಬಂಥ ಸೂಚನೆಗಳನ್ನು ಇಂದಿನ ಓದುಗರು ಕುತೂಹಲದಿಂದ ಓದುವುದುಂಟು, ನಗುವುದೂ ಉಂಟು. ನಗುವ ಮುನ್ನ ಆ ಪ್ರಕರಣದ ಹೆಸರನ್ನು ಗಮನಿಸಬೇಕು. ಅರ್ಗಳ ಎಂದರೆ ಅಗುಳಿ, ಬಾಗಿಲಿಗೆ ಒಳಗಿನಿಂದ ಹಾಕುವ ತಡೆ. ನೀರು ಎಲ್ಲೆಡೆ ಸಮಾನವಾಗಿ ಹರಡಿಕೊಂಡಿಲ್ಲ, ಸಿರೆಗಳಲ್ಲಿ ಹರಿದು ತಡೆಯಿರುವ ಕಡೆ ನಿಲ್ಲುತ್ತದೆ ಎಂಬ ತಿಳಿವಳಿಕೆ ಆ ಮಾತಿನ ಹಿಂದಿದೆ. ಹುತ್ತವನ್ನು ನಂಬದ ಭೂವಿಜ್ಞಾನಿಯೂ ಈ ಅಗುಳಿಯನ್ನು ನಂಬುತ್ತಾನೆ. ಎಣ್ಣೆಯ ಶೋಧದಲ್ಲಂತೂ ಅದೇ ಮುಖ್ಯ ಪ್ರಶ್ನೆ.

ಮುಂಬಯಿಯ ನೆಲದಲ್ಲಿ ಆ ಓದನ್ನು ಆರಂಭಿಸಲು ವಿಕ್ರೋಳಿ ಅನುಕೂಲವಾದ ಸ್ಥಳ. ಪೂರ್ವಕ್ಕೆ ಠಾಣೆಯ ಖಾಡಿ ಮತ್ತು ಅದರ ಅಂಚಿನ ಕಾಂಡ್ಲಾ ಕಾಡು. ಪಶ್ಚಿಮಕ್ಕೆ ಪಾರ್ಕ್‌ಸೈಟಿನಿಂದ ಪವಾಯಿಯ ಕಡೆಗೆ ಏರುವ ಗುಡ್ಡಗಳು. ಆ ಗುಡ್ಡಗಳು ದಖನ್ನಿನ ಲಾವಾ ಪ್ರವಾಹಗಳಿಂದಾದ ಕಪ್ಪುಕಲ್ಲಿನವು. ಸಹ್ಯಾದ್ರಿಯ ಮೇಲೆ, ಪುಣೆಯ ಕಡೆ, ಇದೇ ಪ್ರವಾಹಗಳು ಜೋಡಿಸಿಟ್ಟ ಹಲಗೆಗಳಂತೆ ಸಪಾಟಾಗಿ ಮಲಗಿವೆ. ಮುಂಬಯಿಯಲ್ಲಿ ಹಾಗಿಲ್ಲ. ಇಲ್ಲಿನ ಪದರಗಳು ಪಶ್ಚಿಮಕ್ಕೆ, ಅಂದರೆ ಕಡಲಿನ ಕಡೆಗೆ, ಸಾಮಾನ್ಯವಾಗಿ 10ರಿಂದ 15 ಡಿಗ್ರಿ ಓರೆಯಾಗಿವೆ. ಆದ್ದರಿಂದ ವಿಕ್ರೋಳಿಯಿಂದ ಅಂಧೇರಿಯ ಕಡೆಗೆ ನಡೆದವನು, ತನಗರಿವಿಲ್ಲದೆ, ಹಳೆಯ ಪದರಗಳಿಂದ ಹೊಸ ಪದರಗಳ ಮೇಲಕ್ಕೆ ದಾಟುತ್ತಿರುತ್ತಾನೆ. ಗ್ರಂಥವೊಂದನ್ನು ಓರೆಯಾಗಿ ನಿಲ್ಲಿಸಿದಾಗ ಹಾಳೆಗಳ ಅಂಚುಗಳು ಒಂದರ ಪಕ್ಕ ಒಂದು ಕಾಣುವಂತೆಯೇ ಇದು.

ಸಪಾಟಾದ ಪದರ ಓರೆಯಾಗುವ ಈ ಬಾಗನ್ನು ಬ್ಲ್ಯಾನ್‌ಫರ್ಡ್ 1867ರಲ್ಲಿಯೇ ವರ್ಣಿಸಿದ್ದನು. 1949ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ಜೆ.ಬಿ. ಆಡೆನ್ ಅದನ್ನು ‘ಪನ್ವೇಲ್ ಬಾಗು’ ಎಂಬ ಹೆಸರಿನಿಂದ ಚರ್ಚಿಸಿದನು. (ಈತನು ಇಂಗ್ಲಿಷ್ ಕವಿ ಡಬ್ಲ್ಯು.ಎಚ್. ಆಡೆನ್ನನ ಅಣ್ಣ ಎಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಆಸಕ್ತಿಯ ವಿಷಯವಾದೀತು.) ಉತ್ತರ-ದಕ್ಷಿಣವಾಗಿ ಹಾದುಹೋಗುವ ಈ ಬಾಗಿನ ಪೂರ್ವಕ್ಕೆ ಪದರಗಳು ಸಮತಲ, ಪಶ್ಚಿಮಕ್ಕೆ ಇಳಿಜಾರು. ಲಾವಾ ಹರಿದ ಕಾಲಕ್ಕೆ, ಅಂದರೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹಾಗೂ ಅದರ ಬೆನ್ನಿಗೇ, ಭಾರತದ ಪಶ್ಚಿಮದಂಚು ಹಿಗ್ಗಿ ಹರಿದು, ಸೀಶೆಲ್ಸ್ ದ್ವೀಪಗಳ ಭೂಖಂಡ ನಮ್ಮಿಂದ ಬೇರ್ಪಟ್ಟಿತು. ವಿಕ್ರೋಳಿಯ ಕಲ್ಲಿನ ಓರೆಯಲ್ಲಿ ಉಳಿದಿರುವುದು ಆ ಹರಿತದ ಗುರುತು. ಮುಂಬಯಿಯ ಉತ್ತರಕ್ಕಿರುವ ವಜ್ರೇಶ್ವರಿ, ಅಕ್ಲೋಲಿ, ಗಣೇಶಪುರಿಗಳಿಂದ ದಕ್ಷಿಣದ ರಾಜಾಪುರದವರೆಗೆ ಕೊಂಕಣದುದ್ದಕ್ಕೂ ಸಾಲಾಗಿ ಸಿಗುವ ಬಿಸಿನೀರಿನ ಬುಗ್ಗೆಗಳನ್ನು ಇದೇ ಹಿನ್ನೆಲೆಯಲ್ಲಿ ನೋಡಬೇಕು. ಅವುಗಳ ಕೆಳಗೆ ಕುದಿಯುವ ಲಾವಾ ಇಲ್ಲ. ಮಳೆಯ ನೀರು ಬಿರುಕುಗಳಲ್ಲಿ ಆಳಕ್ಕಿಳಿದು, ಕಾದು, ಮೇಲೆ ಬರುತ್ತದೆ. ಆ ಶಾಖದಿಂದ ವಿದ್ಯುತ್ತನ್ನು ಪಡೆಯುವ ಆಸೆಯೂ ಕೊನೆಗೆ ಬಿರುಕುಗಳು ಎಷ್ಟು ಆಳ, ಎಷ್ಟು ತೆರಪು ಎಂಬ ಲೆಕ್ಕಕ್ಕೇ ಬಂದು ನಿಲ್ಲುತ್ತದೆ.

ಇಳಿಜಾರು ಕಡಲಂಚಿನಲ್ಲಿ ಮುಗಿಯುವುದಿಲ್ಲ. ಹರಿದ ಖಂಡದಂಚು ನೀರಿನಡಿಯಲ್ಲಿ ತುಂಡುತುಂಡಾಗಿ ಒಡೆದು, ಕೆಲವು ತುಂಡುಗಳು ಕುಸಿದು ತಗ್ಗುಗಳಾದವು, ಕೆಲವು ಕುಸಿಯದೆ ಎತ್ತರವಾಗಿ ಉಳಿದವು. ತಗ್ಗುಗಳಲ್ಲಿ ಜೀವಾವಶೇಷಗಳಿಂದ ಕೂಡಿದ ಜೇಡಿ ಸಂಗ್ರಹವಾಯಿತು. ಎತ್ತರಗಳ ಮೇಲೆ ಬೆಚ್ಚನೆಯ ತೆಳುನೀರಿನಲ್ಲಿ ಸುಣ್ಣಕಲ್ಲು ಬೆಳೆಯಿತು. ಜೇಡಿ ಆಳದಲ್ಲಿ ಕಾದು ಎಣ್ಣೆಯನ್ನು ಹೆತ್ತಿತು. ನೀರಿಗಿಂತ ಹಗುರವಾದ ಎಣ್ಣೆ ಓರೆಯ ಪದರಗಳನ್ನು ಹಿಡಿದು ಮೇಲೇರಿ, ದಿಬ್ಬದ ಮೇಲಿನ ಸುಣ್ಣಕಲ್ಲಿನ ಸಣ್ಣ ರಂಧ್ರಗಳಲ್ಲಿ ಸೇರಿತು. ಅದರ ಮೇಲೆ ಒಸರದ ಜೇಡಿಪದರ ಮುಚ್ಚಿಕೊಂಡಿತ್ತು. ಉದಕಾರ್ಗಳದ ಅಗುಳಿ ಇದೇ.

ಭಾರತದಲ್ಲಿ ಎಣ್ಣೆಯ ಶೋಧ ಆರಂಭವಾದದ್ದು ಪ್ರತ್ಯಕ್ಷಪ್ರಮಾಣದಿಂದ. ಅಸ್ಸಾಮಿನ ದಿಗ್ಬೋಯಿಯಲ್ಲಿ ನೆಲದಿಂದ ಎಣ್ಣೆ ತಾನಾಗಿ ಜಿನುಗುತ್ತಿತ್ತು. 1889ರಲ್ಲಿ ಅಲ್ಲಿ ಬಾವಿ ತೋಡಲಾಯಿತು. ಆನೆಯ ಕಾಲಿಗೆ ಅಂಟಿದ ಎಣ್ಣೆಯಿಂದ ಸುಳಿವು ಸಿಕ್ಕಿತೆಂಬ ಕಥೆ ಜನಪ್ರಿಯವಾಗಿದೆ. ಆದರೆ ಗುಜರಾತಿನ ಮೆಕ್ಕಲು ಬಯಲಿನಲ್ಲಾಗಲಿ ಕಡಲಿನಲ್ಲಾಗಲಿ ಇಂಥ ಆನೆಯ ಸಹಾಯವಿರಲಿಲ್ಲ. 1956ರಲ್ಲಿ ಕೇಶವದೇವ ಮಾಳವೀಯರ ಆಸಕ್ತಿಯಿಂದ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗ ಸ್ಥಾಪನೆಯಾದಾಗ ಅನುಮಾನಪ್ರಮಾಣವೊಂದೇ ಉಳಿದ ದಾರಿಯಾಗಿತ್ತು. ಖಂಭಾತದಲ್ಲಿ 1958ರಲ್ಲಿ, ಅಂಕಲೇಶ್ವರದಲ್ಲಿ 1960ರಲ್ಲಿ ದೊರೆತ ಎಣ್ಣೆ ಆ ದಾರಿಯ ಮೇಲೆ ವಿಶ್ವಾಸ ಮೂಡಿಸಿತು. ಅಂಕಲೇಶ್ವರದಲ್ಲಿ ಮಣ್ಣಿನಡಿಯಲ್ಲಿದ್ದುದು ಕಮಾನಿನಂತೆ ಮೇಲಕ್ಕೆ ಬಾಗಿದ ಒಂದು ಮಡಿಕೆ.

ಆ ಮೇಲೆ ಕಡಲಿನ ಸರದಿ. 1964-65ರ ಸುಮಾರಿನಲ್ಲಿ ಸೋವಿಯತ್ ಹಡಗು ‘ಅಕಾಡೆಮಿಕ್ ಅರ್ಖಾಂಗೆಲ್‌ಸ್ಕಿ’ಯ ಮೇಲೆ ಭಾರತೀಯ ಮತ್ತು ಸೋವಿಯತ್ ತಜ್ಞರು ಖಂಭಾತ ಕೊಲ್ಲಿ ಹಾಗೂ ಅದರ ದಕ್ಷಿಣದ ಕಡಲನ್ನು ಸಮೀಕ್ಷಿಸಿದರು. ನೀರಿನಲ್ಲಿ ಎಬ್ಬಿಸಿದ ಕಂಪನ ಶಿಲಾಪದರಗಳಿಗೆ ಬಡಿದು ಹಿಂದಿರುಗಲು ತೆಗೆದುಕೊಂಡ ಕಾಲವನ್ನು ಅಳೆಯುವುದೇ ಅವರ ವಿಧಾನ. ಬೇಗ ಹಿಂದಿರುಗಿದರೆ ಪದರ ಮೇಲಿದೆ, ತಡವಾದರೆ ಆಳದಲ್ಲಿದೆ. ಅಂಥ ಅನೇಕ ಕಾಲಗಳನ್ನು ನಕ್ಷೆಯ ಮೇಲೆ ಗುರುತಿಸಿ, ಸಮಾನವಾದವುಗಳನ್ನು ಗೆರೆಯಿಂದ ಜೋಡಿಸಿದಾಗ, ಗೆರೆಗಳು ಒಂದರೊಳಗೊಂದು ಮುಚ್ಚಿದ ಬಳೆಗಳಾದವು. ಬಳೆ ಮುಚ್ಚಿಕೊಂಡಿದೆ ಎಂದರೆ ಪದರ ಎಲ್ಲ ದಿಕ್ಕಿಗೂ ಇಳಿಯುತ್ತದೆ, ಒಳಗೆ ಸಿಕ್ಕ ಎಣ್ಣೆ ಪಕ್ಕಕ್ಕೆ ಜಾರಿ ಹೋಗಲಾರದು. ನನ್ನ ದೃಷ್ಟಿಯಲ್ಲಿ ಈ ಕ್ಷೇತ್ರದ ನಿಜವಾದ ಶೋಧನೆ ನಡೆದದ್ದು ಈ ಕಾಗದದ ಮೇಲೆ. ನಮ್ಮ ಜನಪ್ರಿಯ ಚರಿತ್ರೆಗಳು 1974ರ ಕೊರೆತವನ್ನು ವರ್ಣಿಸಿ ಈ ನಕ್ಷೆಯನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುವುದು ನ್ಯಾಯವಲ್ಲ.

ಆದರೆ ಆಕಾರ ಎಣ್ಣೆಗೆ ಅವಕಾಶ ಮಾತ್ರ; ಎಣ್ಣೆಯೇ ಅಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸುವ ತಾರ್ಕಿಕನಿಗೆ ವ್ಯಾಪ್ತಿಯ ಸಮಸ್ಯೆ ಇರುವಂತೆ ಭೂವಿಜ್ಞಾನಿಗೂ ಇದೆ. ದಿಬ್ಬ ಎಣ್ಣೆ ಏರುವ ಮೊದಲೇ ರೂಪುಗೊಂಡಿತ್ತೆ? ಅದರ ಪೂರ್ವದ ಮಗ್ಗುಲನ್ನು ಕತ್ತರಿಸುವ ಸ್ತರಭಂಗ ಎಣ್ಣೆಯನ್ನು ತಡೆಯುತ್ತದೆಯೆ, ಸೋರಿಸುತ್ತದೆಯೆ? ಪರಿಮಾಣದ ಲೆಕ್ಕವೂ ಇಲ್ಲಿಂದಲೇ ಹುಟ್ಟುತ್ತದೆ. ಮುಚ್ಚಿದ ಬಳೆಯ ವಿಸ್ತೀರ್ಣವನ್ನು ಪದರದ ದಪ್ಪದಿಂದ ಗುಣಿಸಿ, ಅದರಲ್ಲಿ ರಂಧ್ರಗಳ ಪಾಲೆಷ್ಟು, ರಂಧ್ರಗಳಲ್ಲಿ ನೀರನ್ನು ಬಿಟ್ಟು ಎಣ್ಣೆಯ ಪಾಲೆಷ್ಟು ಎಂದು ಕಳೆಯುತ್ತ ಹೋಗಬೇಕು. ಮೊದಲ ಅಂಕಿ ತಪ್ಪಿದರೆ ಉಳಿದುದೆಲ್ಲ ತಪ್ಪು. ಆ ಮೊದಲ ಅಂಕಿಯನ್ನು ಕೊಡುವುದು ಸಂರಚನೆ.

ನಕ್ಷೆ ಸಿದ್ಧವಾದರೂ ಕೊರೆಯುವ ಸಾಧನ ದೇಶದಲ್ಲಿರಲಿಲ್ಲ. 1970ರಲ್ಲಿ ಖಂಭಾತ ಕೊಲ್ಲಿಯ ಅಲಿಯಾಬೇಟ್‌ನಲ್ಲಿ, ದಡಕ್ಕೆ ಸಮೀಪದ ತೆಳುನೀರಿನಲ್ಲಿ, ಮೊದಲ ಪ್ರಯತ್ನ ನಡೆಯಿತು. ದೂರದ ಕಡಲಿಗಾಗಿ ಜಪಾನಿನಲ್ಲಿ ಕಟ್ಟಿಸಿದ ‘ಸಾಗರ ಸಮ್ರಾಟ’ ಎಂಬ ಕೊರೆಯುವ ತೇಲುವೇದಿಕೆ 1973ರಲ್ಲಿ ದೊರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದಲ್ಲಿ ಯುದ್ಧ ನಡೆದು, ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. 1974ರ ಫೆಬ್ರವರಿಯಲ್ಲಿ ದಿಬ್ಬದ ಮೊದಲ ಬಾವಿಯಲ್ಲಿಯೇ ಎಣ್ಣೆ ಸಿಕ್ಕಿತು. ಅದನ್ನು ಅದೃಷ್ಟವೆಂದವರೂ ಇದ್ದಾರೆ. ಒಂಬತ್ತು ವರ್ಷ ಕಾದ ನಕ್ಷೆಯ ಮಟ್ಟಿಗೆ ಆ ಮಾತು ಅಷ್ಟು ಒಪ್ಪುವುದಿಲ್ಲ.

1976ರ ಮೇ ತಿಂಗಳಿನಲ್ಲಿ ಉತ್ಪಾದನೆ ಆರಂಭವಾಯಿತು. ವಿಕ್ರೋಳಿಯ ದಕ್ಷಿಣಕ್ಕೆ, ಖಾಡಿಯ ಇದೇ ದಂಡೆಯಲ್ಲಿರುವ ಟ್ರಾಂಬೆಯ ಎರಡು ಸಂಸ್ಕರಣಾಗಾರಗಳು 1954-55ರಿಂದ ವಿದೇಶದ ಎಣ್ಣೆಯನ್ನು ಶುದ್ಧಿಮಾಡುತ್ತಿದ್ದವು. ಅವುಗಳಿಗೆ ನೆರೆಯ ಕಡಲಿನ ಎಣ್ಣೆ ಬರುವ ಹೊತ್ತಿಗೆ ಅವು ಸರಕಾರದ ಸ್ವಾಮ್ಯಕ್ಕೆ ಬಂದಾಗಿತ್ತು. 1980ರ ದಶಕದಲ್ಲಿ ಈ ಕ್ಷೇತ್ರ ದಿನಕ್ಕೆ 4 ಲಕ್ಷ ಪೀಪಾಯಿಗೂ ಮೀರಿ ಎಣ್ಣೆ ಕೊಟ್ಟಿತು. ಆಮೇಲಿನದು ಇಳಿಮುಖದ ಕಥೆ. ಎಣ್ಣೆಯ ಬಹುಪಾಲು ಇರುವ, ‘ಎಲ್-3’ ಎಂದು ಕರೆಯುವ ಮಯೋಸೀನ್ ಯುಗದ ಸುಣ್ಣಕಲ್ಲು ಒಂದೇ ಗಟ್ಟಿ ಪದರವಲ್ಲ. ನಡುನಡುವೆ ಬಿಗಿಯಾದ ತೆಳುಹಾಳೆಗಳಿರುವ ಅನೇಕ ಪದರಗಳ ಕಟ್ಟು ಅದು. ಒಂದು ಪದರದಲ್ಲಿ ನೀರು ಬೇಗ ಮುನ್ನುಗ್ಗಿ ಬಂದರೆ ಇನ್ನೊಂದರ ಎಣ್ಣೆ ಹಿಂದೆಯೇ ಉಳಿಯುತ್ತದೆ. ಹಾಗೆ ಉಳಿದುದನ್ನು ತೆಗೆಯಲು 2000ದ ನಂತರ ಪುನರಭಿವೃದ್ಧಿಯ ಕೆಲಸ ನಡೆಯಿತು. 2025ರ ಆರಂಭದಲ್ಲಿ ತಾಂತ್ರಿಕ ನೆರವಿಗಾಗಿ ಬಿಪಿ ಕಂಪನಿಯನ್ನು ಆರಿಸಲಾಯಿತು. ದೊಡ್ಡ ಆಕಾರವನ್ನು ಓದಿ ಗೆದ್ದ ಕ್ಷೇತ್ರದಲ್ಲಿ ಈಗ ಸಣ್ಣ ಬಿರುಕು ಮತ್ತು ತೆಳುಹಾಳೆಗಳ ಓದು ನಡೆದಿದೆ.

ಈ ಓದು ಸುಣ್ಣಕಲ್ಲಿಗಷ್ಟೇ ಸೀಮಿತವಾಗಿಲ್ಲ. ದಿಬ್ಬದ ತಿರುಳಾದ ತಳಶಿಲೆಯನ್ನು ಬಹುಕಾಲ ಎಣ್ಣೆಗೆ ನಿರುಪಯುಕ್ತವೆಂದೇ ಎಣಿಸಲಾಗಿತ್ತು. ರಂಧ್ರವಿಲ್ಲದ ಗಟ್ಟಿಕಲ್ಲಿನಲ್ಲಿ ಎಣ್ಣೆಗೆ ಎಡೆಯೆಲ್ಲಿ? ಆದರೆ ಕೆಲವು ಬಾವಿಗಳು ಆ ಕಲ್ಲಿನಿಂದಲೇ ಎಣ್ಣೆ ಕೊಟ್ಟಿವೆ. ಸ್ತರಭಂಗಗಳ ಆಸುಪಾಸಿನಲ್ಲಿ ಕಲ್ಲು ಒಡೆದು, ಒಡಕುಗಳ ಜಾಲಕ್ಕೆ ಪಕ್ಕದ ತಗ್ಗಿನ ಎಣ್ಣೆ ನುಗ್ಗಿದೆ. ಆ ತಳಶಿಲೆ ಕೆಲವೆಡೆ ಪುರಾತನ ಗ್ರಾನೈಟು. ಉಳಿದೆಡೆ ದಖನ್ನಿನ ಲಾವಾಶಿಲೆ, ವಿಕ್ರೋಳಿಯ ಗುಡ್ಡದಲ್ಲಿ ಪಶ್ಚಿಮಕ್ಕೆ ವಾಲಿ ನಿಂತಿರುವ ಅದೇ ಕಪ್ಪುಕಲ್ಲು.