ಗಿಟಾರಿನ ಗರ್ಜನೆಯನ್ನು ತಗ್ಗಿಸಿದ ಕಥೆ

ಹಳೆಯ ವಾಲ್ವ್ ರೇಡಿಯೋವನ್ನು ಕಂಡವರಿಗೆ ಒಂದು ಅನುಭವ ನೆನಪಿರಬಹುದು. ಗುಂಡಿ ತಿರುಗಿಸಿದೊಡನೆ ಶಬ್ದ ಬರುತ್ತಿರಲಿಲ್ಲ. ಒಳಗಿನ ಗಾಜಿನ ಬುರುಡೆಗಳು ಕಾದು ಕೆಂಪಗಾದ ಮೇಲೆಯೇ ಧಾರವಾಡವೋ ಬೆಂಗಳೂರೋ ಮಾತನಾಡುತ್ತಿತ್ತು. ಆ ಬುರುಡೆಗಳೇ ವಾಲ್ವುಗಳು. ಟ್ರಾನ್ಸಿಸ್ಟರ್ ಬಂದ ಮೇಲೆ ನಮ್ಮ ಮನೆಗಳಿಂದ ಅವು ಮಾಯವಾದವು. ಆದರೆ ವಿದ್ಯುತ್ ಗಿಟಾರ್ ನುಡಿಸುವವರು ಮಾತ್ರ ಅವುಗಳನ್ನು ಇಂದಿಗೂ ಬಿಟ್ಟಿಲ್ಲ. ಏಕೆ ಬಿಟ್ಟಿಲ್ಲ, ಆ ಹಟದಿಂದ ಎಂಥ ಪೇಚು ಹುಟ್ಟಿತು ಎಂಬುದನ್ನು ಇಲ್ಲಿ ನೋಡೋಣ.

1960ರಲ್ಲಿ ಜಿಮ್ ಮಾರ್ಷಲ್ ಎಂಬ ಡ್ರಮ್ ಮೇಷ್ಟರು ಲಂಡನ್ನಿನ ಪಶ್ಚಿಮಕ್ಕಿರುವ ಹ್ಯಾನ್‌ವೆಲ್‌ನಲ್ಲಿ ವಾದ್ಯಗಳ ಅಂಗಡಿ ತೆರೆದರು. ಅಲ್ಲಿಗೆ ಬರುತ್ತಿದ್ದ ಹುಡುಗರಿಗೆ ಅಮೆರಿಕದ ಫೆಂಡರ್ ಕಂಪೆನಿಯ ಆಂಪ್ಲಿಫೈಯರುಗಳೆಂದರೆ ಆಸೆ. ಬೆಲೆ ಮಾತ್ರ ಕೈಗೆಟುಕದು. ಮಾರ್ಷಲ್ ತಮ್ಮ ಸಹಾಯಕರೊಡನೆ ಸೇರಿ, ಫೆಂಡರಿನ ಬಾಸ್‌ಮನ್ ಮಾದರಿಯನ್ನು ಅನುಸರಿಸಿ, 1962ರ ಸುಮಾರಿಗೆ ತಮ್ಮದೇ ಯಂತ್ರ ಕಟ್ಟಿದರು. ಆಗಿನ ಸಭಾಂಗಣಗಳಲ್ಲಿ ಇಂದಿನಂಥ ಬಲವಾದ ಧ್ವನಿವರ್ಧಕ ವ್ಯವಸ್ಥೆ ಇರಲಿಲ್ಲ. ಕೊನೆಯ ಸಾಲಿನವರಿಗೂ ಗಿಟಾರ್ ಕೇಳಬೇಕಾದರೆ ವೇದಿಕೆಯ ಮೇಲಿನ ಆಂಪ್ಲಿಫೈಯರೇ ಕೂಗಬೇಕು. ‘ದಿ ಹೂ’ ತಂಡದ ಪೀಟ್ ಟೌನ್‌ಷೆಂಡ್ ಮತ್ತು ಜಾನ್ ಎಂಟ್ವಿಸಲ್ ಇನ್ನೂ ಜೋರಾದ ಯಂತ್ರ ಬೇಕೆಂದು ಕೇಳಿದರು. 1965ರಲ್ಲಿ 100 ವಾಟಿನ ಮಾರ್ಷಲ್ ಹುಟ್ಟಿತು. ಅಂದರೆ ಗರ್ಜನೆ ಹುಟ್ಟಿದ್ದು ಶೋಕಿಗಾಗಿ ಅಲ್ಲ, ಅವಶ್ಯಕತೆಗಾಗಿ.

ಅವಶ್ಯಕತೆಯ ಜೊತೆಗೆ ಒಂದು ರುಚಿಯೂ ಬಂದು ಅಂಟಿಕೊಂಡಿತು. ವಾಲ್ವನ್ನು ಮಿತಿಯೊಳಗೆ ದುಡಿಸಿದರೆ ಕೊಟ್ಟ ನಾದವನ್ನಷ್ಟೇ ದೊಡ್ಡದು ಮಾಡುತ್ತದೆ. ಮಿತಿ ಮೀರಿದಾಗ ಅಲೆಗಳ ತಲೆ ಚಪ್ಪಟೆಯಾಗಿ, ಮೂಲದಲ್ಲಿಲ್ಲದ ಉಪಸ್ವರಗಳು ಸೇರಿ, ನಾದ ದಪ್ಪಗೆ, ತುಸು ಒರಟಾಗಿ ಕೇಳುತ್ತದೆ. ಎಂಜಿನಿಯರುಗಳ ಪಾಲಿಗೆ ಇದು ದೋಷ. ಗಿಟಾರ್ ವಾದಕರ ಪಾಲಿಗೆ ಇದೇ ಜೀವ. 1966ರಲ್ಲಿ ಜಾನ್ ಮೇಯಾಲ್ ಅವರ ತಂಡದೊಡನೆ ಲಂಡನ್ನಿನ ಡೆಕ್ಕಾ ಸ್ಟುಡಿಯೋದಲ್ಲಿ ಧ್ವನಿಮುದ್ರಣಕ್ಕೆ ಕುಳಿತ ಎರಿಕ್ ಕ್ಲಾಪ್ಟನ್, ವೇದಿಕೆಯಲ್ಲಿ ನುಡಿಸುವಷ್ಟೇ ಜೋರಾಗಿ ನುಡಿಸುವೆನೆಂದು ಪಟ್ಟು ಹಿಡಿದರು. ಆ ಮುದ್ರಿಕೆ ಒಂದು ಪೀಳಿಗೆಗೇ ಮಾದರಿಯಾಯಿತು.

ಈ ರುಚಿಗೆ ತೆತ್ತ ಬೆಲೆಯೂ ಸಣ್ಣದಲ್ಲ. ತಮ್ಮ ಕಿವಿ ಕೆಟ್ಟಿತೆಂದು ಟೌನ್‌ಷೆಂಡ್ ಮುಂದೆ ಬಹಿರಂಗವಾಗಿ ಹೇಳಿಕೊಂಡರು. ಅದರಲ್ಲಿ ಸ್ಟುಡಿಯೋದ ಹೆಡ್‌ಫೋನಿಗೂ ಪಾಲಿದೆ ಎಂದರು. ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್ಲಿಗೆ ಉಳಿಯುವುದು ಹದಿನೈದೇ ನಿಮಿಷ!

ಹಾಗಾದರೆ ಚಿಕ್ಕ ಯಂತ್ರ ಕೊಂಡರಾಗದೇ ಎಂದು ಓದುಗರು ಕೇಳಬಹುದು. ಇಲ್ಲಿ ನಮ್ಮ ಕಿವಿಯೇ ಅಡ್ಡ ಬರುತ್ತದೆ. 100 ವಾಟನ್ನು 50ಕ್ಕೆ ಇಳಿಸಿದರೆ ತಗ್ಗುವುದು 3 ಡೆಸಿಬೆಲ್ ಮಾತ್ರ. ಶಬ್ದ ಅರ್ಧವಾಯಿತೆಂದು ಕಿವಿಗೆ ತೋರಬೇಕಾದರೆ ಸುಮಾರು 10 ವಾಟಿಗೆ ಇಳಿಯಬೇಕು. ಒಂದೇ ವಾಟಿಗೆ ಇಳಿಸಿದರೂ ಕಾಲು ಭಾಗದಷ್ಟು ಶಬ್ದ ಉಳಿದೇ ಇರುತ್ತದೆ.

ಆದ್ದರಿಂದ ನಾದವನ್ನು ಉಳಿಸಿಕೊಂಡು ಗದ್ದಲವನ್ನು ಕಳೆಯುವ ಉಪಾಯಗಳು ಬೇಕಾದವು. ಮೊದಲನೆಯದು ‘ಮಾಸ್ಟರ್ ವಾಲ್ಯೂಮ್’. 1970ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ರ‍್ಯಾಂಡಲ್ ಸ್ಮಿತ್ ತಮ್ಮ ಬೂಗಿ ಯಂತ್ರಗಳಲ್ಲಿ ಇದನ್ನು ಅಳವಡಿಸಿದರು. 1975ರಲ್ಲಿ ಮಾರ್ಷಲ್ ಕಂಪೆನಿಯೂ ಇದೇ ದಾರಿ ಹಿಡಿಯಿತು. ಮೊದಲ ಗುಂಡಿಯಿಂದ ಆರಂಭದ ಸಣ್ಣ ವಾಲ್ವುಗಳನ್ನು ಮಿತಿ ಮೀರಿಸುವುದು, ಎರಡನೆಯ ಗುಂಡಿಯಿಂದ ಕೊನೆಯ ದೊಡ್ಡ ವಾಲ್ವುಗಳಿಗೆ ಹೋಗುವುದನ್ನು ತಡೆಯುವುದು. ಶಬ್ದ ತಗ್ಗಿತು, ನಿಜ. ಆದರೆ ದೊಡ್ಡ ವಾಲ್ವುಗಳು ದುಡಿಯದೆ ಕುಳಿತದ್ದರಿಂದ ರುಚಿಯೂ ಒಂದಿಷ್ಟು ಬದಲಾಯಿತು.

ಎರಡನೆಯ ಉಪಾಯ ಟಾಮ್ ಷೋಲ್ಜ್ ಅವರದು. ಎಂ.ಐ.ಟಿ.ಯಲ್ಲಿ ಎಂಜಿನಿಯರಿಂಗ್ ಓದಿ, ‘ಬಾಸ್ಟನ್’ ತಂಡ ಕಟ್ಟಿ, 1976ರ ತಮ್ಮ ಮೊದಲ ಧ್ವನಿಮುದ್ರಿಕೆಯ ಬಹುಭಾಗವನ್ನು ಮನೆಯ ನೆಲಮಾಳಿಗೆಯಲ್ಲೇ ಮುದ್ರಿಸಿದ ವ್ಯಕ್ತಿ ಅವರು. 1980ರ ಸುಮಾರಿಗೆ ಅವರ ಕಂಪೆನಿ ‘ಪವರ್ ಸೋಕ್’ ಎಂಬ ಪೆಟ್ಟಿಗೆಯನ್ನು ತಂದಿತು. ಇದರ ಜಾಗ ಆಂಪ್ಲಿಫೈಯರಿಗೂ ಸ್ಪೀಕರಿಗೂ ನಡುವೆ. ಹೆಚ್ಚಿನ ಶಕ್ತಿಯನ್ನು ಒಳಗಿನ ರೋಧಕಗಳು ಶಾಖವಾಗಿಸಿ, ಉಳಿದದ್ದನ್ನಷ್ಟೇ ಸ್ಪೀಕರಿಗೆ ಬಿಡುತ್ತವೆ. ಎಲ್ಲ ವಾಲ್ವುಗಳೂ ಪೂರ್ತಿ ದುಡಿಯುತ್ತವೆ, ಪಕ್ಕದ ಮನೆಯವರೂ ನಿದ್ರಿಸುತ್ತಾರೆ. ಆದರೆ ಸ್ಪೀಕರ್ ಒಂದೇ ಸಮನಾದ ರೋಧಕವಲ್ಲ; ಅದರ ತಡೆ ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. ಬರೀ ರೋಧಕಗಳಿಂದ ನಾದ ಮಂಕಾಗುವುದನ್ನು ಕಂಡು ಮುಂದಿನವರು ಸುರುಳಿಗಳನ್ನೂ ಸೇರಿಸಿದರು.

ಇಷ್ಟೆಲ್ಲ ಮಾಡಿದರೂ ಒಂದು ಕೊರತೆ ಉಳಿಯಿತು. ಅದರ ಕಾರಣವನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟಿದ್ದರು. ಶಬ್ದ ಕಡಿಮೆಯಾದಂತೆ ನಮ್ಮ ಕಿವಿ ತಗ್ಗಿನ ಸ್ವರಗಳನ್ನು ಉಳಿದವಕ್ಕಿಂತ ಹೆಚ್ಚಾಗಿ ಕಳೆದುಕೊಳ್ಳುತ್ತದೆ. ಯಂತ್ರ ಎಷ್ಟೇ ನಿಷ್ಠೆಯಿಂದಿದ್ದರೂ ಮೆಲ್ಲನೆಯ ನಾದ ತೆಳುವಾಗಿಯೇ ಕೇಳುತ್ತದೆ. ಅರುವತ್ತು ವರ್ಷಗಳಿಂದ ವಾದಕರು ಯಂತ್ರದಲ್ಲಿ ಹುಡುಕುತ್ತಿರುವುದರಲ್ಲಿ ಒಂದು ಪಾಲು ಯಂತ್ರದಲ್ಲಿಲ್ಲ, ಕಿವಿಯಲ್ಲಿದೆ!

ಮಹಾನಗರಗಳಲ್ಲಿ ನೆಲೆಸಿದ ನಮಗೆ ಇದು ದೂರದ ಕಥೆಯಲ್ಲ. ನಮ್ಮ ಗೋಡೆಯಾಚೆಯೇ ಇನ್ನೊಂದು ಸಂಸಾರ. ನಮ್ಮ ಮಕ್ಕಳಲ್ಲೂ ಗಿಟಾರ್ ಹಿಡಿದವರಿದ್ದಾರೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ವಾಲ್ವ್ ಯಂತ್ರವನ್ನು ಮನೆಗೆ ತರುವವರಿಗೆ ನಮ್ಮ ಎರಡು ಕಿವಿಮಾತು. ಸ್ಪೀಕರನ್ನಾಗಲಿ ಅದಕ್ಕೆ ಸಮನಾದ ಹೊರೆಯನ್ನಾಗಲಿ ಜೋಡಿಸದೆ ಅದನ್ನು ನುಡಿಸಬಾರದು, ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಸ್ವಿಚ್ ಆರಿಸಿದ ಮೇಲೂ ಒಳಗೆ ನೂರಾರು ವೋಲ್ಟ್ ಉಳಿದಿರಬಹುದು. ಬಿಚ್ಚಿ ಕೈ ಹಾಕಬಾರದು.

ಕೊನೆಯ ಸಾಲಿನವನಿಗೂ ಕೇಳಲೆಂದು ಹುಟ್ಟಿದ ಯಂತ್ರ ಅದು. ನಮ್ಮ ಕೋಣೆಯಲ್ಲಿ ಕೊನೆಯ ಸಾಲು ಆರೇ ಅಡಿ ದೂರದಲ್ಲಿದೆ. ಅಷ್ಟನ್ನು ನೆನಪಿಟ್ಟರೆ ನಾದವೂ ಉಳಿದೀತು, ಕಿವಿಯೂ ಉಳಿದೀತು, ನೆರೆಯವರ ಸ್ನೇಹವೂ ಉಳಿದೀತು.